ಜಾಯ್‌ಸ್ಟಿಕ್ ಕೈಕೊಟ್ಟಿತಾ? ಮೊದಲು ವಯರ್ ನೋಡಿ

ನಮ್ಮ ಹುಡುಗರು ರಜೆಯಲ್ಲಿ ಪ್ಲೈವುಡ್ ಕೊಯ್ದು, ಹಳೆ ಮಾನಿಟರ್ ಕೂರಿಸಿ ಮನೆಯಲ್ಲೇ ವಿಡಿಯೋ ಗೇಮ್ ಪೆಟ್ಟಿಗೆ ಮಾಡುವುದುಂಟು. ಜಾಯ್‌ಸ್ಟಿಕ್ ಕೆಲಸ ಮಾಡದಿದ್ದರೆ ಮಾತ್ರ "ಬೋರ್ಡ್ ಹೋಯ್ತು, ಹೊಸತು ಬೇಕು" ಅಂತ ಗಲ್ಫಿನಲ್ಲಿರುವ ತಂದೆಗೆ ಫೋನ್ ಹೋಗುತ್ತದೆ. ಅವಸರ ಬೇಡ ಮಾರಾಯ್ರೆ. ಬೆವರಿನ ದುಡ್ಡು ಖರ್ಚು ಮಾಡುವ ಮೊದಲು ನಾವು ವಯರ್ ನೋಡುವ.

ಜಾಯ್‌ಸ್ಟಿಕ್ಕಿನ ಅಡಿಯಲ್ಲಿ ನಾಲ್ಕು ಮೈಕ್ರೋಸ್ವಿಚ್ ಉಂಟು. ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಮೂರು ಕಾಲು: ಕಾಮನ್, ಎನ್‌ಒ, ಎನ್‌ಸಿ. ಕಾಮನ್ ಗ್ರೌಂಡಿಗೆ, ಎನ್‌ಒ ಬೋರ್ಡಿಗೆ. ತಪ್ಪಿ ಎನ್‌ಸಿಗೆ ಸಿಕ್ಕಿಸಿದರೆ ಮುಟ್ಟದಿದ್ದರೂ ಗೇಮಿನ ಬೊಂಬೆ ಒಂದೇ ಕಡೆ ಓಡುತ್ತದೆ.

ಒಂದೇ ದಿಕ್ಕು ಹೋಗದಿದ್ದರೆ ಆ ಸ್ವಿಚ್ಚಿನ ಕ್ಲಿಪ್ ನೋಡಿ. ಸಾಲಾಗಿ ಹಲವು ಸತ್ತಿದ್ದರೆ, ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೋಗುವ ಗ್ರೌಂಡ್ ವಯರ್ ನಡುವೆ ಎಲ್ಲೋ ಕಡಿದಿರಬಹುದು. ಮೇಲೆ ಒತ್ತಿದರೆ ಕೆಳಗೆ ಹೋಗುತ್ತದಾ? ಹಿಡಿ ಮೇಲೆ ವಾಲಿದಾಗ ಬುಡ ಕೆಳಗಿನ ಸ್ವಿಚ್ ಒತ್ತುತ್ತದೆ. ಎರಡು ವಯರ್ ಅದಲುಬದಲು ಮಾಡಿದರಾಯ್ತು.

ಪವರ್ ತೆಗೆದು, ವಯರ್ ಬಿಡಿಸಿ, ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಕಾಮನ್, ಎನ್‌ಒ ನಡುವೆ ಸ್ವಿಚ್ ಒತ್ತಿದಾಗ ಮಾತ್ರ ಬೀಪ್ ಬರಬೇಕು. ಹೀಗೆ ತಪ್ಪು ಹುಡುಕಲು ಕಲಿತ ಹುಡುಗನಿಗೆ ಆ ಕಲಿಕೆ ನಾಳೆ ಊರಲ್ಲೂ ಗಲ್ಫಿನಲ್ಲೂ ಅನ್ನ ಕೊಡಬಹುದು.