ತ್ರಿಭುಜದ ಕೋನಗಳೂ ಪ್ರವೇಶ ಪರೀಕ್ಷೆಯೂ

ಎಸ್.ಎಸ್.ಎಲ್.ಸಿ. ದಾಟಿದೊಡನೆ ರೇಖಾಗಣಿತದ ಪುಸ್ತಕವನ್ನು ಅಟ್ಟಕ್ಕೇರಿಸಿದವರೇ ನಮ್ಮ ಬಿ.ಎ. ತರಗತಿಗಳಲ್ಲಿ ಹೆಚ್ಚು. ಆದರೆ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಐ.ಐ.ಎಂ. ಮೊದಲಾದ ಸಂಸ್ಥೆಗಳ ಪ್ರವೇಶಕ್ಕಾಗಿ ನಡೆಯುವ ‘ಕ್ಯಾಟ್’ ಪರೀಕ್ಷೆಗೆ ಯಾವ ವಿಷಯದ ಪದವೀಧರರೂ, ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಕುಳಿತುಕೊಳ್ಳಬಹುದು. ಮನೆಯಲ್ಲಿ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರು ಈ ಬಾಗಿಲನ್ನು ತಟ್ಟಲು ಹಿಂಜರಿಯುವುದಕ್ಕೆ ಗಣಿತದ ಭಯವೂ ಒಂದು ಕಾರಣ. ಆ ಭಯದ ಒಂದು ಮೂಲೆಯನ್ನಾದರೂ ಇಲ್ಲಿ ಬೆಳಕಿಗೆ ಹಿಡಿಯೋಣ.

ತ್ರಿಭುಜದ ಕೋನಗಳ ಲೆಕ್ಕಕ್ಕೆ ಬೇಕಾದ ಬಂಡವಾಳ ಬಹುಮಟ್ಟಿಗೆ ಮೂರೇ ಮಾತು. ಒಂದು, ಮೂರು ಕೋನಗಳ ಮೊತ್ತ 180 ಡಿಗ್ರಿ. ಎರಡು, ಒಂದು ಬಾಹುವನ್ನು ಮುಂದಕ್ಕೆ ಬೆಳೆಸಿದಾಗ ಉಂಟಾಗುವ ಹೊರಕೋನವು ಒಳಗಿನ ಎರಡು ಎದುರು ಕೋನಗಳ ಮೊತ್ತಕ್ಕೆ ಸಮ. ಮೂರು, ಎರಡು ಬಾಹುಗಳು ಸಮವಾಗಿದ್ದರೆ ಅವುಗಳ ಎದುರಿನ ಕೋನಗಳೂ ಸಮ. ಕ್ರಿ.ಪೂ. 300ರ ಸುಮಾರಿನಲ್ಲಿ ಯೂಕ್ಲಿಡನು ತನ್ನ ಗ್ರಂಥದ ಮೊದಲನೆಯ ಭಾಗದಲ್ಲಿಯೇ ಇವುಗಳನ್ನು ಸಾಧಿಸಿ ತೋರಿಸಿದ್ದಾನೆ.

ಈಗ ಒಂದು ಲೆಕ್ಕವನ್ನು ನೋಡೋಣ. ಕಖಗ ತ್ರಿಭುಜದಲ್ಲಿ ಕಖ, ಕಗ ಬಾಹುಗಳು ಸಮ. ಕಗ ಬಾಹುವಿನ ಮೇಲೆ ಘ ಎಂಬ ಬಿಂದುವಿದೆ. ಕಘ, ಘಖ, ಖಗ ಈ ಮೂರೂ ಸಮ. ಹಾಗಾದರೆ ಕ ಕೋನವೆಷ್ಟು?

ಒಂದು ಕೋನದ ಅಳತೆಯನ್ನೂ ಕೊಟ್ಟಿಲ್ಲವಲ್ಲ ಎಂದು ಗಾಬರಿಯಾಗುವುದು ಸಹಜ. ಕ ಕೋನವನ್ನು ‘ಒಂದು ಪಾಲು’ ಎನ್ನೋಣ. ಕಘ, ಘಖ ಸಮವಾದ್ದರಿಂದ ಕಖಘ ಕೋನವೂ ಒಂದು ಪಾಲು. ಖಘಗ ಎಂಬುದು ಕಖಘ ತ್ರಿಭುಜದ ಹೊರಕೋನ. ಆದ್ದರಿಂದ ಅದು ಎರಡು ಪಾಲು. ಘಖ, ಖಗ ಸಮವಾದ್ದರಿಂದ ಗ ಕೋನವೂ ಎರಡು ಪಾಲು. ಕಖ, ಕಗ ಸಮವಾದ್ದರಿಂದ ದೊಡ್ಡ ತ್ರಿಭುಜದ ಖ ಕೋನವೂ ಎರಡು ಪಾಲು. ಒಟ್ಟು ಐದು ಪಾಲು ಸೇರಿ 180 ಡಿಗ್ರಿ. ಒಂದು ಪಾಲು 36 ಡಿಗ್ರಿ. ಇಂಥದೇ ತ್ರಿಭುಜವನ್ನು ಯೂಕ್ಲಿಡನು ನಾಲ್ಕನೆಯ ಭಾಗದಲ್ಲಿ ರಚಿಸಿ, ಅದರ ನೆರವಿನಿಂದ ವೃತ್ತದೊಳಗೆ ಸಮಪಂಚಭುಜವನ್ನು ಬರೆದಿದ್ದಾನೆ.

ಇಲ್ಲಿ ಗಮನಿಸಬೇಕಾದುದೇನು? ನಾವು ಎಲ್ಲಿಯೂ ಚಿತ್ರವನ್ನು ನಂಬಲಿಲ್ಲ; ಕೊಟ್ಟ ಮಾತುಗಳನ್ನಷ್ಟೇ ನಂಬಿದೆವು. ಕಣ್ಣಿಗೆ ಲಂಬಕೋನದಂತೆ ಕಂಡ ಮಾತ್ರಕ್ಕೆ ಅದು ಲಂಬಕೋನವಲ್ಲ. ಪ್ರಶ್ನೆಯಲ್ಲಿ ಹೇಳಿರಬೇಕು, ಇಲ್ಲವೆ ನಾವು ಸಾಧಿಸಿರಬೇಕು. ಕಣ್ಣಳತೆಯ ಊಹೆಗೆ ದಂಡವೂ ಉಂಟು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ಸರಿಯುತ್ತರಕ್ಕೆ 3 ಅಂಕ. ತಪ್ಪಿದರೆ 1 ಅಂಕ ಕಳೆಯುತ್ತಾರೆ. ಕುರುಡು ಊಹೆಯಿಂದ ಒಂದು ಸರಿಯಾಗಿ ಮೂರು ತಪ್ಪಾದರೆ ಕೈಗೆ ಬರುವುದು ಸೊನ್ನೆ.

ಆದ್ದರಿಂದ ಮಿತ್ರರೇ, ಲೆಕ್ಕ ಎದುರಾದಾಗ ಮೊದಲು ಹಾಳೆಯ ಮೇಲೆ ಸ್ವಂತ ಚಿತ್ರವನ್ನು ದೊಡ್ಡದಾಗಿ ಬರೆಯಿರಿ. ಸಮಬಾಹುಗಳನ್ನು ಗುರುತಿಸಿ. ತಿಳಿಯದ ಕೋನಕ್ಕೊಂದು ಹೆಸರಿಡಿ. ಉಳಿದುದು ಕೂಡುವ, ಕಳೆಯುವ ಕೆಲಸ. ಕೊಟ್ಟದ್ದರಿಂದ ಕೊಡದೆ ಇರುವುದನ್ನು ಕಾರಣಸಹಿತವಾಗಿ ತೆಗೆಯುವುದನ್ನು ಚರಿತ್ರೆ, ತರ್ಕಶಾಸ್ತ್ರಗಳ ವಿದ್ಯಾರ್ಥಿಗಳಾದ ನಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅಟ್ಟದ ಮೇಲಿನ ಪುಸ್ತಕವನ್ನು ಕೆಳಗಿಳಿಸುವುದೊಂದೇ ಬಾಕಿ.