ಕುಂಬಾರಿಕೆ ಬಲ್ಲ ಕಪ್ಪೆ

ಮಳೆಗಾಲದ ಇರುಳಿನಲ್ಲಿ ಊರಂಚಿನ ಹೊಂಡದಿಂದ ಏಳುವ ಕಪ್ಪೆಗಳ ಗದ್ದಲಕ್ಕೆ ಬೇಸತ್ತು ಕಿಟಕಿ ಮುಚ್ಚಿಕೊಳ್ಳುವವರೇ ಹೆಚ್ಚು. ಹಾಗೆ ಕೂಗುವುದು ಗಂಡು. ಅದು ಹೆಣ್ಣಿಗೆ ಕಳುಹಿಸುವ ಮದುವೆಯ ಕರೆ. ನೀರಿನಲ್ಲಿ ಮೊಟ್ಟೆಗಳು ಬಿದ್ದವೆಂದರೆ ಹೊಂಡದ ಸಾಮಾನ್ಯ ಕಪ್ಪೆಗಳ ಸಂಸಾರದ ಹೊಣೆ ಅಲ್ಲಿಗೆ ತೀರಿತು. ಮುಂದಿನದು ಮೊಟ್ಟೆಗಳ ಹಣೆಬರಹ.

ಆದರೆ ಕಪ್ಪೆಗಳಲ್ಲಿಯೂ ಜವಾಬ್ದಾರಿಯುಳ್ಳ ತಂದೆಯಿದ್ದಾನೆ. ಅವನನ್ನು ಕಾಣಬೇಕಾದರೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಬೇಕು. ಹೆಸರಿಗೆ ತಕ್ಕ ಕಾಡು ಅದು. ರಾಮಪತ್ರೆಯ ಜಾತಿಯ ಮರಗಳು ಮೊಣಕಾಲು ಮಡಿಸಿದಂಥ ಬೇರುಗಳನ್ನು ಮೇಲಕ್ಕೆ ಚಾಚಿ ಕೆಸರಿನಲ್ಲಿ ನಿಂತಿರುತ್ತವೆ. ಅವುಗಳ ನಡುವೆ ತಿಳಿನೀರಿನ ತೊರೆಗಳು ಹರಿಯುತ್ತವೆ.

ಇಲ್ಲಿನ ಇರುಳುಗಪ್ಪೆಗಳನ್ನು ಗುರುತಿಸುವುದು ಸುಲಭವಲ್ಲ. ಸುಕ್ಕುಗಟ್ಟಿದ ಚರ್ಮ, ವಜ್ರದ ಆಕಾರದ ಕಣ್ಣುಪಾಪೆ. ಇಷ್ಟನ್ನು ಕಂಡು ಕುಲವನ್ನು ಹೇಳಬಹುದು. ಪಶ್ಚಿಮ ಘಟ್ಟಗಳ ಹೊರಗೆ ಎಲ್ಲಿಯೂ ಇಲ್ಲದ ಕುಲ ಅದು. ಅದರೊಳಗಿನ ಪ್ರಭೇದವನ್ನು ಹೇಳುವುದಕ್ಕೆ ಮಾತ್ರ ಪಂಡಿತರೂ ಮೈಯ ಅಳತೆ, ಕೂಗಿನ ಧಾಟಿ, ವಂಶವಾಹಿಗಳ ಪರೀಕ್ಷೆ ಎಲ್ಲವನ್ನೂ ಕೂಡಿಸಿ ನೋಡಬೇಕಾಗುತ್ತದೆ. ಮೊಟ್ಟೆಯಿಟ್ಟ ಜಾಗ ಸಿಕ್ಕಿದರೆ ಕೆಲಸ ಎಷ್ಟೋ ಹಗುರ. ತೊರೆಯ ಮೇಲೆ ಬಾಗಿದ ಎಲೆಗೆ ಮೊಟ್ಟೆಗಳು ಅಂಟಿದ್ದರೆ ಅದು ಜೋಗದ ಇರುಳುಗಪ್ಪೆಯದಾಗಿರಬಹುದು. ನೀರಿನ ಮೇಲಣ ಕಡ್ಡಿಗೆ ಮಣ್ಣು ಮೆತ್ತಿದ ಮುದ್ದೆ ಕಂಡರೆ ಅದು ಕುಂಬಾರನ ಮನೆ!

ಕೆ. ವಿ. ಗುರುರಾಜ, ಕೆ. ಪಿ. ದಿನೇಶ್, ಎಚ್. ಪ್ರೀತಿ ಮತ್ತು ಜಿ. ರವಿಕಾಂತ್ ಎಂಬ ಸಂಶೋಧಕರು 2014ರಲ್ಲಿ ಈ ಕಪ್ಪೆಯನ್ನು ಹೊಸ ಪ್ರಭೇದವೆಂದು ವಿದ್ವತ್ ಪತ್ರಿಕೆಯಲ್ಲಿ ವರ್ಣಿಸಿದರು. ಶಾಸ್ತ್ರೀಯ ನಾಮಕ್ಕೆ ಲ್ಯಾಟಿನ್ ಪದವನ್ನು ಹುಡುಕದೆ ಕನ್ನಡದ 'ಕುಂಬಾರ'ನನ್ನೇ ಕರೆತಂದರು: 'ನಿಕ್ಟಿಬಟ್ರಾಕಸ್ ಕುಂಬಾರ'. ಇಷ್ಟು ಒಪ್ಪುವ ಹೆಸರು ಪ್ರಾಣಿಶಾಸ್ತ್ರದಲ್ಲಿ ಅಪರೂಪವೇ ಸರಿ.

ಇದರ ದಾಂಪತ್ಯ ವಿಚಿತ್ರವಾದುದು. ಗಂಡಿನ ಕರೆಗೆ ಓಗೊಟ್ಟು ಹೆಣ್ಣು ಬಂದ ಮೇಲೆ ಜೋಡಿ ಮುಂಗೈಗಳನ್ನೂರಿ ದೊಂಬರಾಟದವರಂತೆ ತಲೆಕೆಳಗಾಗಿ ನಿಲ್ಲುತ್ತದೆ. ಮೊಟ್ಟೆಗಳನ್ನು ಕಡ್ಡಿಗೆ ಅಂಟಿಸಿ ಹೆಣ್ಣು ಹೊರಟುಹೋಗುತ್ತದೆ. ಆಗ ಗಂಡಿನ ದುಡಿಮೆ ಆರಂಭ. ತೊರೆಯ ತಳದಿಂದ ಮುಂಗೈಗಳಲ್ಲಿ ಕೆಸರನ್ನು ತುಂಬಿ ತಂದು, ಮೊಟ್ಟೆಗಳ ಮೇಲಿಟ್ಟು ಮೆತ್ತುತ್ತದೆ; ಮತ್ತೆ ಇಳಿದು ತರುತ್ತದೆ. ಮೊಟ್ಟೆಗಳು ಕಾಣದಂತಾಗುವವರೆಗೂ ಈ ಕೆಲಸ ನಡೆಯುತ್ತದೆ. ಅದಕ್ಕೆ ಮೊದಲು ಜಗತ್ತಿನ ಬೇರೆ ಯಾವ ಕಪ್ಪೆಯಲ್ಲಿಯೂ ಈ ವರ್ತನೆ ವರದಿಯಾಗಿರಲಿಲ್ಲ. ಮೊಟ್ಟೆ ಒಣಗದಿರಲೆಂದೋ ಶತ್ರುಗಳ ಕಣ್ಣು ತಪ್ಪಿಸಲೆಂದೋ ಈ ಲೇಪನವಿರಬೇಕೆಂಬುದು ವಿಜ್ಞಾನಿಗಳ ಊಹೆ.

ಕುಂಬಾರನಿಗೆ ಬೇಕಾದ ಸಾಮಗ್ರಿ ಬಹಳವಿಲ್ಲ: ನೆರಳು, ಹರಿಯುವ ನೀರು, ಹಸಿಮಣ್ಣು. ಆದರೆ ಇಂಥ ಜೌಗುಕಾನುಗಳ ನೀರನ್ನು ಬಸಿದು ಗದ್ದೆ, ಅಡಕೆ ತೋಟಗಳನ್ನು ಮಾಡಿದ ಕಡೆಗಳು ಮಲೆನಾಡಿನಲ್ಲಿ ಹಲವಿವೆ. ಉಳಿದಿರುವ ಜೌಗುಕಾನುಗಳು ಚದುರಿದ ತುಂಡುಗಳು. ತೊರೆಯನ್ನು ಮೇಲ್ಗಡೆಯೇ ತಿರುಗಿಸಿಕೊಂಡರೆ ಕೆಳಗಿನ ಕೆಸರು ಒಣಗುತ್ತದೆ. ಮುದ್ದೆಯೊಡೆದು ಕೆಳಗೆ ಜಾರುವ ಗೊದಮೊಟ್ಟೆಗೂ ಆಗ ನೀರು ಸಿಕ್ಕುವುದಿಲ್ಲ.