ಮಾತಾಡುವ ಕ್ಯಾಲ್ಕುಲೇಟರ್: ಕೊಳ್ಳುವ ಮುನ್ನ

ಕಣ್ಣು ಮಂದವಾದ ವ್ಯಾಪಾರಿಗೆ ಅಂಕಿಗಳು ಮಸುಕಾದೊಡನೆ ಕೂಡಿ ಕಳೆಯುವ ಕೆಲಸ ಮಗನಿಗೋ ಗುಮಾಸ್ತನಿಗೋ ಹೋಗುತ್ತದೆ. ಅದರ ಬೆನ್ನಿಗೇ ಅಂಗಡಿಯ ಯಜಮಾನಿಕೆಯೂ ಹೋಗುವುದುಂಟು. ಆಂಧ್ರದ ಹಿಂದೂಪುರ ಮತ್ತು ಕಲ್ಯಾಣದುರ್ಗ ನಮ್ಮ ಕಾಸರಗೋಡಿನಂತೆಯೇ ಗಡಿಯ ಊರುಗಳು. ಒಂದು ಕಡೆ ಬೆಲ್ಲ, ಹುಣಸೆ, ರೇಷ್ಮೆಗೂಡಿನ ವಹಿವಾಟು. ಇನ್ನೊಂದು ಕಡೆ ನೆಲಗಡಲೆಯದು. ಕನ್ನಡ, ತೆಲುಗು ಎರಡೂ ಕೇಳಿಬರುವ ಅಂತಹ ಪೇಟೆಯ ಮಂದದೃಷ್ಟಿಯವರಿಗೆ ಮಾತಾಡುವ ಕ್ಯಾಲ್ಕುಲೇಟರ್ ಕೊಡಿಸುವುದಾದರೆ ಏನೇನು ನೋಡಬೇಕು?

ಈ ಯಂತ್ರ ಹೊಸತಲ್ಲ. 1970ರ ದಶಕದ ಮಧ್ಯದಲ್ಲೇ ಅಮೆರಿಕದ ಟೆಲಿಸೆನ್ಸರಿ ಸಿಸ್ಟಮ್ಸ್ ಸಂಸ್ಥೆಯು ‘ಸ್ಪೀಚ್ ಪ್ಲಸ್’ ಎಂಬುದನ್ನು ತಯಾರಿಸಿತು. ಅದು ಬಲ್ಲದ್ದು 24 ಪದಗಳನ್ನು ಮಾತ್ರ. ಬೆಲೆ 395 ಡಾಲರು!

ಮಂದದೃಷ್ಟಿಯೆಂದರೆ ಪೂರ್ಣ ಕುರುಡಲ್ಲ ಎಂಬುದನ್ನು ಮೊದಲು ತಿಳಿಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ, ಕನ್ನಡಕ ಧರಿಸಿದ ಮೇಲೂ ಉತ್ತಮ ಕಣ್ಣಿನ ನೋಟ 6/18ರಿಂದ 3/60ರ ನಡುವೆ ಇದ್ದರೆ ಅದು ಮಂದದೃಷ್ಟಿ. ಉಳಿದಿರುವ ಈ ನೋಟವನ್ನು ಬಳಸಿಕೊಳ್ಳಬೇಕು. ಆದುದರಿಂದ ದೊಡ್ಡ ಅಂಕಿಯ ಪರದೆ, ಬಣ್ಣದಲ್ಲಿ ಎದ್ದು ಕಾಣುವ ಗುಂಡಿಗಳು, ಬೆರಳಿಗೆ ಸಿಗುವಂತೆ 5ರ ಮೇಲೊಂದು ಚುಕ್ಕೆ ಇವೆಯೇ ನೋಡಿರಿ.

ಎರಡನೆಯದಾಗಿ, ಉತ್ತರವನ್ನಷ್ಟೇ ಹೇಳಿದರೆ ಸಾಲದು, ಒತ್ತಿದ ಪ್ರತಿಯೊಂದು ಗುಂಡಿಯನ್ನೂ ಹೇಳಬೇಕು. ಕಿಲೋಗೆ 120 ರೂಪಾಯಿಯಂತೆ 43 ಕಿಲೋ ಹುಣಸೆಗೆ 5,160 ರೂಪಾಯಿ. ಸೊನ್ನೆಯೊಂದು ತಪ್ಪಿದರೆ ಅದು 516 ಆಗಿಬಿಡುತ್ತದೆ! ಗುಂಡಿ ಮಾತಾಡಿದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಮೂರನೆಯದು ಭಾಷೆ. ಇಂಗ್ಲಿಷಿನಲ್ಲಿ ಮಾತಾಡುವ ಯಂತ್ರ 1,25,000ವನ್ನು ‘ಒನ್ ಹಂಡ್ರೆಡ್ ಟ್ವೆಂಟಿಫೈವ್ ಥೌಸಂಡ್’ ಎನ್ನುತ್ತದೆ. ನಮ್ಮ ವ್ಯಾಪಾರಿಯ ಮನಸ್ಸಿನಲ್ಲಿರುವುದು ಒಂದೂಕಾಲು ಲಕ್ಷ. ಅಂಕಿಗಳನ್ನು ಒಂದೊಂದಾಗಿ ಹೇಳುವ ಏರ್ಪಾಡಿದ್ದರೆ ಈ ತೊಡಕು ಕಡಿಮೆ.

ನಾಲ್ಕನೆಯದು ಗುಟ್ಟು. ಗಿರಾಕಿಗಳ ಮುಂದೆ ಯಂತ್ರವು ಲಾಭವನ್ನು ಕೂಗಿ ಹೇಳಿದರೆ ಹೇಗೆ? ಕಿವಿಗೆ ಇಯರ್‌ಫೋನ್ ಸಿಕ್ಕಿಸಲು ಬರಬೇಕು. ಧ್ವನಿಯನ್ನು ತಗ್ಗಿಸಲೂ ಬರಬೇಕು.

ಮೊಬೈಲು ಸಾಲದೇ ಎಂದು ಕೇಳಬಹುದು. ಆಂಡ್ರಾಯ್ಡ್ ಫೋನುಗಳ ‘ಟಾಕ್‌ಬ್ಯಾಕ್’ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ. ಕನ್ನಡ ಧ್ವನಿಯನ್ನೂ ಹಾಕಿಕೊಳ್ಳಬಹುದು. ನೋಟು ಗುರುತಿಸಲು ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರತಂದ ‘ಮಣಿ’ ಆ್ಯಪ್ ಇದೆ. ಕಲಿಯುವ ತಾಳ್ಮೆಯುಳ್ಳವರಿಗೆ ಇದು ಅಗ್ಗದ ದಾರಿ. ಆದರೆ ನುಣುಪು ಗಾಜಿನ ಮೇಲೆ ಗುಂಡಿಗಳು ಬೆರಳಿಗೆ ಸಿಗವು. ಬೆಲ್ಲದ ಜಿಗುಟು ಹತ್ತಿದ ಕೈಗೆ ಒತ್ತುವ ಗುಂಡಿಯೇ ಹಿತ.

ಇಷ್ಟೆಲ್ಲ ನೋಡಿದ ಮೇಲೂ ಕೊನೆಯ ಮಾತು ಬಳಸುವವರದೇ ಆಗಿರಬೇಕು. ಮನೆಮಂದಿ ತಾವೇ ಆರಿಸಿ ತಂದ ಯಂತ್ರ ಪೆಟ್ಟಿಗೆಯಲ್ಲೇ ಧೂಳು ತಿನ್ನಬಹುದು. ಅವರನ್ನೇ ಅಂಗಡಿಗೆ ಕರೆದೊಯ್ದು, ಅವರ ದಿನದ ಲೆಕ್ಕ ನಾಲ್ಕನ್ನು ಅವರ ಕೈಯಿಂದಲೇ ಮಾಡಿಸಿ ನೋಡಿ, ಬಳಿಕ ಹಣ ಕೊಡುವುದು ಲೇಸು.